ಹಗ್ಗಕ್ಕೆ ಕೈ ಹಚ್ಚಿದವರು

"ಅಯ್ಯನವರೇ, ನನಗೆ ಕ್ರಿಸ್ತ ಸಾಕು. ನಡುವೆ ಈ ಸಭೆ ಎಂಬುದು ಏಕೆ ಬೇಕು?"

ಕೇಳಿದವನು ದೇವಪ್ರಿಯ. ಕಡಲ ತೀರದ ಒಂದು ಸಣ್ಣ ಕ್ರೈಸ್ತ ಸಭೆಯಲ್ಲಿ ಉಪದೇಶಿಯಾಗಿದ್ದ. ರೋಗಿಗಳ ಮನೆಗೆ ಹೋಗಿ ಪ್ರಾರ್ಥಿಸುವುದು, ಮಕ್ಕಳಿಗೆ ವೇದಪಾಠ ಹೇಳುವುದು, ಭಾನುವಾರ ಕೀರ್ತನೆ ಎತ್ತಿಕೊಡುವುದು ಅವನ ಕೆಲಸ. ಕೇಳಿಸಿಕೊಂಡವರು ಆ ಸಭೆಯ ಪಾಲಕರಾದ ಸತ್ಯಾರ್ಥಿ ಅಯ್ಯನವರು. ದಿಕ್ಕಿಲ್ಲದೆ ಬಂದ ದೇವಪ್ರಿಯನನ್ನು ಸೇರಿಸಿಕೊಂಡು ವೇದ ಕಲಿಸಿದವರೂ ಅವರೇ. ವಯಸ್ಸಾಗಿತ್ತು. ಮಾತು ಕಡಿಮೆಯಾಗಿತ್ತು.

"ಇವತ್ತು ಈ ಪ್ರಶ್ನೆ ಏಕೆ ಬಂತು?" ಎಂದರು ಅಯ್ಯನವರು.

ದೇವಪ್ರಿಯ ಮನಸ್ಸಿನಲ್ಲಿದ್ದುದನ್ನು ಮುಚ್ಚಿಡಲಿಲ್ಲ. ಸಭೆಯಲ್ಲಿ ನಿಜವಾದ ಶ್ರದ್ಧೆ ಇರುವವರು ಹತ್ತು ಜನ. ಉಳಿದವರಲ್ಲಿ ಒಬ್ಬ ಶನಿವಾರ ಕುಡಿಯುತ್ತಾನೆ, ಭಾನುವಾರ ಅಳುತ್ತಾನೆ. ಒಬ್ಬ ಹಿರಿಯರು ಪ್ರಾರ್ಥನೆಯನ್ನು ಲೋಕದ ಸೃಷ್ಟಿಯಿಂದ ಶುರುಮಾಡುತ್ತಾರೆ, ಜನರೆಲ್ಲ ತೂಕಡಿಸಿದ ಮೇಲೆ ಆಮೆನ್ ಎನ್ನುತ್ತಾರೆ. ಅಕ್ಕತಂಗಿಯರಿಬ್ಬರು ಒಂದು ಬಾವಿಯ ಜಗಳಕ್ಕಾಗಿ ಆರು ವರ್ಷದಿಂದ ಬೇರೆ ಬೇರೆ ಬೆಂಚಿನಲ್ಲಿ ಕೂರುತ್ತಾರೆ. ಇವರನ್ನೆಲ್ಲ ಎಳೆದುಕೊಂಡು ಹೋಗುವುದರಲ್ಲೇ ತನ್ನ ಆತ್ಮ ದಣಿದುಹೋಯಿತು. ಆ ಹತ್ತು ಜನ ತನ್ನೊಡನೆ ಬರಲು ಒಪ್ಪಿದ್ದಾರೆ. ಬರುವ ಭಾನುವಾರದಿಂದ ಅವರಲ್ಲೊಬ್ಬನ ಮನೆಯಲ್ಲಿ ಪ್ರತ್ಯೇಕವಾಗಿ ಕೂಡುವುದೆಂದು ತೀರ್ಮಾನವಾಗಿದೆ. ಅದಕ್ಕೆ ಅಯ್ಯನವರ ಆಶೀರ್ವಾದ ಬೇಕು.

ಅಯ್ಯನವರಿಗೆ ನೋವಾಯಿತು. ಹತ್ತು ಜನ ಹೊರಟುಹೋದರೆ ಆ ಸಭೆ ಬಹಳ ದಿನ ನಿಲ್ಲುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಆದರೂ ಬೇಡ ಎನ್ನಲಿಲ್ಲ.

"ಆ ಹಿರಿಯರ ಪ್ರಾರ್ಥನೆಗೆ ನನಗೂ ತೂಕಡಿಕೆ ಬರುವುದುಂಟು" ಎಂದರು. "ಆಶೀರ್ವಾದ ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲು ಒಂದು ಕತೆ ಕೇಳು."

ಹೀಗೆಂದು ಅವರು ಈ ಕತೆಯನ್ನು ಹೇಳಿದರು.

ಒಂದು ಮೀನುಗಾರರ ಊರು. ಆ ಊರಿಗೆಲ್ಲ ಒಂದೇ ರಂಪಣಿ. ರಂಪಣಿ ಎಂದರೆ ಒಬ್ಬನ ಬಲೆಯಲ್ಲ. ಮನೆಗೊಂದು ತುಂಡು ಬಲೆ ಇರುತ್ತದೆ; ಆ ತುಂಡುಗಳನ್ನೆಲ್ಲ ಒಂದಕ್ಕೊಂದು ಸೇರಿಸಿ ಕಟ್ಟಿದರೆ ರಂಪಣಿ. ದೋಣಿಯವರು ಅದನ್ನು ಕಡಲಿನಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟುಬರುತ್ತಾರೆ. ಎರಡು ತುದಿಯ ಹಗ್ಗಗಳೂ ದಡದಲ್ಲಿರುತ್ತವೆ. ಊರಿನವರೆಲ್ಲ ಎರಡು ಸಾಲಾಗಿ ನಿಂತು, ಹಾಡು ಹೇಳುತ್ತ, ಹಿಂದಕ್ಕೆ ಹೆಜ್ಜೆಯಿಡುತ್ತ ಎಳೆಯಬೇಕು.

ಅಲ್ಲಿ ಹಿಂದಿನಿಂದ ಒಂದು ಪದ್ಧತಿ ಇತ್ತು. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಮೀನಿನಲ್ಲಿ ಪಾಲು. ಗಟ್ಟಿ ಕೈಯೋ ಸೋತ ಕೈಯೋ ಎಂದು ಕೇಳುವಂತಿರಲಿಲ್ಲ. ಆದ್ದರಿಂದ ಮುದುಕರು ಬರುತ್ತಿದ್ದರು, ಕುಂಟರು ಬರುತ್ತಿದ್ದರು, ಜ್ವರ ಬಿಟ್ಟು ಎದ್ದವರು ಬರುತ್ತಿದ್ದರು. ಒಬ್ಬ ಮುದುಕಿಯೂ ಬರುತ್ತಿದ್ದಳು. ಅವಳ ಗಂಡ ಕಡಲಲ್ಲಿ ತೀರಿಕೊಂಡಿದ್ದ. ಅವನು ಹೆಣೆದ ತುಂಡು ಇನ್ನೂ ಬಲೆಯಲ್ಲಿತ್ತು. ಅವಳಿಗೆ ಒಂದು ಕೈ ಸ್ವಾಧೀನ ತಪ್ಪಿತ್ತು. ಇನ್ನೊಂದು ಕೈಯಿಂದ ಹಗ್ಗ ಹಿಡಿಯುತ್ತಿದ್ದಳು. ಎಳೆಯುತ್ತಿದ್ದಳೋ ಜೋತುಬೀಳುತ್ತಿದ್ದಳೋ ದೇವರಿಗೇ ಗೊತ್ತು.

ಬಲೆಗೆ ಹೊಸ ಯಜಮಾನ ಬಂದ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಈ ಕತೆ ಹೇಳುವುದು ಸುಲಭವಾಗುತ್ತಿತ್ತು. ಒಂದು ದಿನ ಅವನು ಬದಿಗೆ ನಿಂತು ಸಾಲನ್ನು ನೋಡಿದ. ಅದರಲ್ಲಿ ಇಪ್ಪತ್ತು ಜನ ಹಗ್ಗ ಎಳೆಯುವುದಕ್ಕಿಂತ ಹಗ್ಗಕ್ಕೆ ಭಾರವಾಗಿದ್ದಾರೆ ಎಂದು ಅವನಿಗೆ ಅನಿಸಿತು. ಬಿಸಿಲಿನಲ್ಲಿ ಅವರು ಏದುಸಿರು ಬಿಡುವುದನ್ನು ನೋಡಿ ಕನಿಕರವೂ ಆಯಿತು. ಮರುದಿನ ಅವರನ್ನೆಲ್ಲ ಕರೆದು, "ನೀವು ಇಷ್ಟು ವರ್ಷ ದುಡಿದದ್ದು ಸಾಕು. ಇನ್ನು ಮನೆಯಲ್ಲಿರಿ. ನಿಮ್ಮ ಪಾಲು ನಿಮ್ಮ ಬಾಗಿಲಿಗೇ ಬರುತ್ತದೆ" ಎಂದ.

ಇದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ಯಜಮಾನ ಮಾತಿಗೆ ತಪ್ಪುವವನೂ ಆಗಿರಲಿಲ್ಲ. ಅಂದೇ ಇಪ್ಪತ್ತು ಮನೆಗಳಿಗೆ ಮೀನಿನ ಬುಟ್ಟಿ ಹೋಯಿತು. ಮುದುಕಿ ಮೊದಲ ದಿನ ತೆಗೆದುಕೊಂಡಳು, ಎರಡನೆಯ ದಿನವೂ ತೆಗೆದುಕೊಂಡಳು. ಬೆಳಿಗ್ಗೆ ಹಗ್ಗದ ಹಾಡು ಕೇಳುತ್ತಿತ್ತು. ಅವಳು ಒಳಗೆ ಕುಳಿತು ಅದನ್ನು ಕೇಳಬೇಕಾಗಿತ್ತು. ಮೂರನೆಯ ದಿನ ಬುಟ್ಟಿ ಹಾಗೆಯೇ ವಾಪಸು ಬಂತು. ಹಗ್ಗ ಮುಟ್ಟದ ಕೈಗೆ ಮೀನು ಬೇಡವೆಂದು ಹೇಳಿಕಳಿಸಿದ್ದಳು. ಸೊಕ್ಕು ಎಂದರು ಊರಿನವರು. ಬಡವರ ಮಾನಕ್ಕೆ ಊರು ಇಡುವ ಹೆಸರು ಅದೇ ತಾನೆ. ಅವಳು ಗಂಜಿ, ಉಪ್ಪು ತಿಂದು ದಿನ ಕಳೆದಳು.

ಇತ್ತ ಗಟ್ಟಿ ಕೈಗಳ ಸಾಲು ಬಲೆಯನ್ನು ಅರ್ಧ ಹೊತ್ತಿನಲ್ಲಿ ದಡಕ್ಕೆ ತಂದಿತು. ಜನ ಕೇಕೆ ಹಾಕಿದರು. ಆದರೆ ಬಲೆ ಬಿಚ್ಚಿದಾಗ ಮೀನು ಕಡಿಮೆ ಇತ್ತು. ಮೊದಲ ದಿನ, ಕಡಲಿನ ಮನಸ್ಸು ಎಂದರು. ಆಮೇಲೆ ಪಕ್ಕದ ಊರಿನವರ ಕಣ್ಣು ಬಿದ್ದಿದೆ ಎಂದರು. ಬಲೆ ಹರಿದಿರಬೇಕೆಂದು ಮರಳಿನ ಮೇಲೆ ಹಾಸಿ ತುಂಡು ತುಂಡಾಗಿ ಪರೀಕ್ಷಿಸಿದರು. ಎಲ್ಲೂ ಹರಿದಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವರು ಕಡಲನ್ನೂ ಬೈದರು, ಬಲೆಯನ್ನೂ ಬೈದರು, ಕೊನೆಗೆ ಒಬ್ಬರನ್ನೊಬ್ಬರು ಬೈದುಕೊಂಡರು. ಬಲದ ಸಾಲಿನವರು ಎಡದ ಸಾಲಿನವರೇ ಸೋಮಾರಿಗಳು ಎಂದರು. ಎಡದ ಸಾಲಿನವರು ಇನ್ನೂ ಜೋರಾಗಿ ಎಳೆದು ತೋರಿಸಿದರು. ಮೀನು ಇನ್ನೂ ಕಡಿಮೆಯಾಯಿತು.

ಅದು ಬಂಗುಡೆ ಮೀನಿನ ಗುಂಪುಗಳು ದಡದ ಹತ್ತಿರ ಬರುವ ಕಾಲ. ಕೆಲವೇ ದಿನಗಳಲ್ಲಿ ಅವು ದೂರ ಹೋಗುತ್ತವೆ. ಆ ದಿನಗಳಲ್ಲಿ ಉಪ್ಪು ಹಾಕಿ ಒಣಗಿಸಿಟ್ಟದ್ದೇ ಮಳೆಗಾಲದಲ್ಲಿ ಊರಿನ ಊಟ. ಆ ವರ್ಷ ಮೀನು ಒಣಗಿಸುವ ಚಾಪೆಗಳು ಖಾಲಿ ಬಿದ್ದಿದ್ದವು. ಯಜಮಾನನಿಗೆ ಭಯವಾಯಿತು. ಹಸಿವು ಬಂದರೆ ಅದು ತನ್ನ ಹೆಸರಿನಲ್ಲಿ ಬರುತ್ತದೆ ಎಂದು ಅವನಿಗೆ ತಿಳಿದಿತ್ತು.

ಒಂದು ಬೆಳಿಗ್ಗೆ ಅವನು ತನ್ನ ಜಾಗದಲ್ಲಿ ಇನ್ನೊಬ್ಬನನ್ನು ನಿಲ್ಲಿಸಿ ನೀರಿಗಿಳಿದ. ಎದೆಮಟ್ಟದ ನೀರಿನಲ್ಲಿ, ದಡದ ಕಡೆಗೆ ಸರಿಯುತ್ತಿದ್ದ ಬಲೆಯ ಹಿಂದೆಯೇ ನಡೆದ. ಬಲೆಯ ಕೆಳಗಿನ ಅಂಚಿಗೆ ಭಾರ ಕಟ್ಟಿರುತ್ತಾರೆ. ಆ ಅಂಚು ನೆಲವನ್ನು ಸವರಿಕೊಂಡು ಬರಬೇಕು. ಅವನು ಕಾಲಿನಿಂದ ಅದನ್ನು ಹುಡುಕಿದ. ನೆಲದಲ್ಲಿ ಸಿಗಲಿಲ್ಲ. ಮೊಣಕಾಲಿನ ಎತ್ತರದಲ್ಲಿ ಸಿಕ್ಕಿತು. ಅದರ ಅಡಿಯಿಂದ ಮೀನುಗಳು ನುಸುಳಿ, ಅವನ ಕಾಲುಗಳ ನಡುವೆ ಹಾದು, ಕಡಲಿಗೆ ಮರಳುತ್ತಿದ್ದವು. ಅವಸರದಲ್ಲಿ ಎಳೆದದ್ದರಿಂದ ಬಲೆ ನೆಲ ಬಿಟ್ಟು ಮೇಲೆದ್ದಿತ್ತು.

ದಡಕ್ಕೆ ಬಂದು, "ನಿಧಾನವಾಗಿ ಎಳೆಯಿರಿ" ಎಂದ. ನಿಧಾನವಾಗಿಯೇ ಎಳೆದರು. ಎಷ್ಟು ಹೊತ್ತು? ಹತ್ತು ಹೆಜ್ಜೆ. ಗಟ್ಟಿಗನ ಪಕ್ಕದಲ್ಲಿ ಗಟ್ಟಿಗ ನಿಂತಾಗ, ಪಕ್ಕದವನಿಗಿಂತ ಹಿಂದೆ ಬೀಳಲು ಯಾರಿಗೆ ಮನಸ್ಸು ಬರುತ್ತದೆ? ಯಜಮಾನ ಬೈದ. ಹಾಡನ್ನು ನಿಧಾನ ಮಾಡಿಸಿದ. ಕೊನೆಗೆ ತಾನೇ ಹಗ್ಗ ಹಿಡಿದು ಸಾಲಿನ ನಡುವೆ ನಿಂತ. ಹತ್ತು ಹೆಜ್ಜೆಯಾದ ಮೇಲೆ ನೋಡಿಕೊಂಡರೆ ಅವನ ಕಾಲೂ ಓಡುತ್ತಿತ್ತು.

ಆಗ ಅವನಿಗೆ ತಿಳಿಯಿತು. ಇಷ್ಟು ವರ್ಷ ಈ ಸಾಲನ್ನು ಹದವಾಗಿ ನಡೆಸಿದ್ದು ಯಾವ ಯಜಮಾನನ ಮಾತೂ ಅಲ್ಲ. ಒಂದು ಕೈಯ ಮುದುಕಿ ಸಾಲಿನಲ್ಲಿ ಇದ್ದಳು. ಹಿಂದೆ ಮುಂದೆ ಇದ್ದವರು ಅವಳನ್ನು ತುಳಿದು ಹೋಗುವಂತಿರಲಿಲ್ಲ. ಅವಳ ಹೆಜ್ಜೆಗೆ ಊರು ಹೆಜ್ಜೆ ಹಾಕುತ್ತಿತ್ತು.

ಅವನು ಮುದುಕಿಯ ಮನೆಗೆ ಹೋದ. ಹೋಗುವುದು ಸುಲಭವಾಗಿರಲಿಲ್ಲ. ತಾನೇ ಬರಬೇಡ ಎಂದವಳ ಜಗಲಿಯಲ್ಲಿ ಕೂರಬೇಕಾಗಿತ್ತು. ಮುದುಕಿ ನೀರು ಕೊಟ್ಟಳು. ಕುಡಿದ. ಆಮೇಲೆ, "ದೊಡ್ಡಮ್ಮ, ನಾಳೆ ನೀವು ಹಗ್ಗಕ್ಕೆ ಬರಬೇಕು" ಎಂದ.

"ಮೀನು ಬೇಕು ಅಂತ ಕರೆಯುವುದಾ ಮಗಾ, ನಾನು ಬೇಕು ಅಂತ ಕರೆಯುವುದಾ?" ಎಂದು ಕೇಳಿದಳು ಮುದುಕಿ.

ಅವನು ಸುಳ್ಳು ಹೇಳಬಹುದಾಗಿತ್ತು. ಹೇಳಲಿಲ್ಲ. "ಮನೆಯಿಂದ ಹೊರಟದ್ದು ಮೀನಿಗಾಗಿಯೇ ದೊಡ್ಡಮ್ಮ. ಇಲ್ಲಿ ಬಂದು ಕುಳಿತ ಮೇಲೆ ನಾಚಿಕೆಯಾಗುತ್ತಿದೆ" ಎಂದ.

ಮುದುಕಿ ಅವನು ಕುಡಿದಿಟ್ಟ ಚೊಂಬನ್ನು ಒಳಗಿಟ್ಟು ಬಂದಳು. ಅವಳಿಗೆ ಆದ ನೋವು ಸಣ್ಣದಾಗಿರಲಿಲ್ಲ. ಆಮೇಲೆ, "ನಾಚಿಕೆಯಾದರೆ ಸಾಕು. ಬೆಳಿಗ್ಗೆ ಬಂದು ಕೈ ಹಿಡಿದು ಕರೆದುಕೊಂಡು ಹೋಗು. ಮರಳಿನಲ್ಲಿ ನನ್ನ ಕಾಲು ಹೂತುಹೋಗುತ್ತದೆ" ಎಂದಳು.

ಮರುದಿನ ಬಲೆ ಬಿಟ್ಟಾಗಿತ್ತು. ಮೀನಿನ ಗುಂಪು ಒಳಗೆ ಬಂದಿತ್ತು. ಊರಿನವರು ಹಗ್ಗ ಹಿಡಿದು, ಎಳೆಯದೆ ನಿಂತಿದ್ದರು. ಯಜಮಾನ ಮುದುಕಿಯ ಕೈ ಹಿಡಿದು ಮರಳಿನ ಮೇಲೆ ನಡೆದು ಬರುತ್ತಿದ್ದ. ಹಿಂದಿನಿಂದ ಉಳಿದ ಹತ್ತೊಂಬತ್ತು ಜನ ಬರುತ್ತಿದ್ದರು. ಬೇಗ ಬನ್ನಿ ಎಂದು ಯಾರೂ ಕೂಗಲಿಲ್ಲ. ಅವಳು ತನ್ನ ಜಾಗಕ್ಕೆ ಬಂದು ಹಗ್ಗಕ್ಕೆ ಕೈ ಹಚ್ಚಿದ ಮೇಲೆಯೇ ಹಾಡು ಶುರುವಾಯಿತು. ಬಲೆ ದಡಕ್ಕೆ ಬರುವಾಗ ಮಧ್ಯಾಹ್ನವಾಗಿತ್ತು. ಅದು ಭಾರವಾಗಿ ಬಂತು.

ಅಯ್ಯನವರು ಕತೆ ನಿಲ್ಲಿಸಿದರು.

ದೇವಪ್ರಿಯನ ಮುಖ ಅರಳಿತು. ಅವನು ಬುದ್ಧಿವಂತ. ಬುದ್ಧಿವಂತರಿಗೆ ಕತೆಯ ಅರ್ಥ ಕತೆ ಮುಗಿಯುವ ಮೊದಲೇ ಸಿಕ್ಕಿಬಿಡುತ್ತದೆ. ಅವರ ಕಷ್ಟವೂ ಅದೇ.

"ತಿಳಿಯಿತು ಅಯ್ಯನವರೇ" ಎಂದ. "ಬಲಹೀನರಿಂದಲೂ ಉಪಯೋಗ ಉಂಟು. ನಮ್ಮಂಥ ಗಟ್ಟಿಗರು ಅವಸರಪಡದಂತೆ ದೇವರು ಅವರನ್ನು ನಮ್ಮ ನಡುವೆ ಇಟ್ಟಿದ್ದಾನೆ. ಆದ್ದರಿಂದ ನಾವು ಅವರನ್ನು ಸಹಿಸಿಕೊಳ್ಳಬೇಕು. ಸಭೆ ಇರುವುದು ಅದಕ್ಕೆ."

ಅಯ್ಯನವರು ಅವನ ಮುಖವನ್ನೇ ನೋಡಿದರು. ಆಮೇಲೆ ಮೆತ್ತಗೆ ಕೇಳಿದರು:

"ಒಂಬತ್ತು ವರ್ಷದ ಹಿಂದೆ ನೀನು ಬರಿಗೈಯಲ್ಲಿ ನಮ್ಮ ಸಭೆಯ ಬಾಗಿಲಿಗೆ ಬಂದು ನಿಂತಾಗ, ನಿನ್ನಿಂದ ನಮಗೇನು ಉಪಯೋಗವಿತ್ತು, ಮಗೂ?"