ಪಟ್ಟಿಯಲ್ಲಿ ಇಲ್ಲದ ಹಲಸು

ಬಟ್ಟಲಿನ ಕಾಫಿಗೆ ಅಂದು ರುಚಿಯ ಪರೀಕ್ಷೆ. ಸಾಕಷ್ಟು ಅಂಕ ಬಂದರೆ ಮಾತ್ರ ಸ್ಪೆಷಾಲಿಟಿ ಕಾಫಿ ಎಂಬ ಮೇಲ್ದರ್ಜೆಯ ಹೆಸರು. ಚಮಚ ಅದರಲ್ಲಿ ಮುಳುಗಿ ಎದ್ದು, "ಆಹಾ, ಹಲಸಿನ ಹಣ್ಣು!" ಎಂದಿತು.

ಅಂತರರಾಷ್ಟ್ರೀಯ ಕಾಫಿ ಸಂಘ ಅಚ್ಚು ಹಾಕಿಸಿದ ರುಚಿಗಳ ಪಟ್ಟಿ ಮೇಜಿನ ಮೇಲೇ ಇತ್ತು. "ನನ್ನಲ್ಲಿ ಹಲಸು ಇಲ್ಲ," ಎಂದಿತು ಅದು. "ಬ್ಲೂಬೆರಿ ಅನ್ನಿ, ಅಂಕ ಸಿಗುತ್ತದೆ."

"ಬ್ಲೂಬೆರಿಯನ್ನು ನಾನು ಕಂಡೇ ಇಲ್ಲ ಸ್ವಾಮಿ," ಎಂದಿತು ಕಾಫಿ. "ಬೆಳೆದದ್ದು ಹಲಸಿನ ಮರದ ನೆರಳಲ್ಲಿ. ನಿಮ್ಮನ್ನು ಬರೆದವರು ನಮ್ಮ ಕಡೆಯವರನ್ನು ಕೇಳಿದರಾ?"

"ಸಭೆಗೆ ಬಂದವರ ಹಣ್ಣುಗಳನ್ನೆಲ್ಲ ಬರೆದರು. ನಿಮ್ಮವರು ಬಂದಿರಲಿಲ್ಲ."

"ಅವರನ್ನು ಕರೆದಿದ್ದರಾ?"

ಚಮಚ ಮತ್ತೊಮ್ಮೆ ಮುಳುಗಿ ಎದ್ದು, ಪಟ್ಟಿಯ ಖಾಲಿ ಅಂಚಿನ ಮೇಲೆ ಒಂದು ಹನಿ ಬೀಳಿಸಿ ಪಟ್ಟಿಗೆ ಹೇಳಿತು:

"ಮುಂದಿನ ಸಭೆಗೆ ಹೀಗೇ ಹೋಗಿ. ಯಾರಾದರೂ ಒರೆಸಲು ಬಂದರೆ, ಮೊದಲು ಮೂಸಿ ನೋಡಿ ಅನ್ನಿ."