ರೇವಮ್ಮನ ಕಾರಿಗೆ ದೊಡ್ಡ ಇಂಜಿನ್

ಹರಿಹರದ ಹೊಳೆದಂಡೆಯಲ್ಲೊಂದು ಗ್ಯಾರೇಜು. ಅಲ್ಲಿ ದಸ್ತಗೀರ್ ಉಸ್ತಾದರು ಗುರು, ಕೊಟ್ರೇಶ ಶಿಷ್ಯ.

ಅಂದು ಬಿಚ್ಚಿಟ್ಟಿದ್ದು ದಾದಿ ರೇವಮ್ಮನ ಹಳೆಯ ಕಾರಿನ ಇಂಜಿನ್. ಹೆರಿಗೆ ನೋವು ಬಂದ ಹೆಂಗಸರನ್ನು ಹಳ್ಳಿಗಳಿಂದ ಆಸ್ಪತ್ರೆಗೆ ತರುವ ಕಾರು ಅದು. ಹೊಗೆ ಬರುತ್ತಿದೆ, ಸರಿಮಾಡಿಕೊಡಿ ಎಂದಷ್ಟೇ ಆಕೆ ಹೇಳಿ ಹೋಗಿದ್ದಳು.

ಉಸ್ತಾದರು ನಮಾಜು ಮುಗಿಸಿ ಬರುವಷ್ಟರಲ್ಲಿ ಶಿಷ್ಯನ ಕೈಯಲ್ಲಿ ಕಬ್ಬಿಣ ಕೊರೆಯುವ ಗ್ರೈಂಡರ್ ಇತ್ತು.

“ಏನಲೇ ಅದು?”

“ಉದ್ದ ಸ್ಟ್ರೋಕಿನ ಕ್ರ್ಯಾಂಕ್ ಹಾಕ್ತೀನಿ ಉಸ್ತಾದ್. ಪಿಸ್ಟನ್ ಓಡೋ ದೂರ ಜಾಸ್ತಿಯಾದ್ರೆ ಇಂಜಿನ್ನೇ ದೊಡ್ಡದಾಗ್ತೈತೆ. ಆ ಕ್ರ್ಯಾಂಕ್ ತಿರುಗಾಕೆ ಜಾಗ ಸಾಲ್ತಿಲ್ಲ, ಇಂಜಿನ್ ಬ್ಲಾಕಿನ ಒಳಗೋಡೆ ಒಂಚೂರು ಕೊರೀತೀನಿ. ಆಮೇಲೆ ನೋಡ್ರಿ, ಬಸ್ಸನ್ನೂ ಹಿಂದೆ ಹಾಕ್ತೈತೆ!”

“ರೇವಮ್ಮ ಓಡಾಡೋ ಕೆರೆ ಏರಿ ಮ್ಯಾಲೆ ಯಾವ ಬಸ್ಸಲೇ?”

ಉಸ್ತಾದರು ಬ್ಲಾಕಿನ ಒಳಗೋಡೆಯ ಮೇಲೆ ಬೆರಳಿಟ್ಟರು.

“ಆ ಗೋಡೆ ಆಚೆ ಏನೈತೆ?”

“ಇಂಜಿನ್ ತಂಪು ಮಾಡೋ ನೀರು.”

“ಕೊರೆದ ಮ್ಯಾಲೆ ಗೋಡೆ ಬಿರುಕು ಬಿಟ್ಟು ನೀರು ಇಂಜಿನ್ನಿಗೆ ನುಗ್ಗಿದ್ರೆ?”

“ಬಿರುಕು ಬಿಡಾಕಿಲ್ಲ ಅನ್ಸುತ್ತೆ.”

ಉಸ್ತಾದರ ಸಿಟ್ಟು ನೆತ್ತಿಗೇರಿತು. ಅನ್ನಿಸುತ್ತದಂತೆ! ಕಂಡವರ ಗಾಡಿಯ ಮೇಲೆ ಇವನ ಅನ್ನಿಸಿಕೆ!

ಶಿಷ್ಯನೂ ಸಿಡುಕಿದ. “ಮೊದಲಿದ್ದ ಅಳತೆಗೇ ಕಟ್ಟಿದ್ರೆ ಅದ್ರಾಗೆ ನನ್ನ ಕೈಚಳಕ ಏನೈತೆ? ನಿಮಗೆ ಹೊಸದಂದ್ರೆ ಹೆದರಿಕೆ!”

ಉಸ್ತಾದರು ಗ್ರೈಂಡರ್ ಕಿತ್ತುಕೊಂಡು, ವೈರು ಎಳೆಯುತ್ತ, ಬಾಗಿಲ ಹತ್ತಿರ ನಿಂತಿದ್ದ ಕೊಟ್ರೇಶನ ಹೊಸ ಬೈಕಿನ ಬಳಿ ಹೋದರು. ಹೊಳೆಯುವ ಮಡ್‌ಗಾರ್ಡಿನ ಮೇಲೆ ಬಗ್ಗಿ ಸ್ವಿಚ್ ಒತ್ತಿದರು.

ಶಿಷ್ಯ ಓಡಿಬಂದು ಅಡ್ಡ ನಿಂತ. “ಏನ್ ಮಾಡಾಕತ್ತೀರಿ? ಅದು ನನ್ನ ಗಾಡಿ! ನನ್ನ ಒಂದು ಮಾತು ಕೇಳಬಾರ್ದಾ?”

“ಓಹೋ, ಕೇಳಬೇಕಾ? ನೀನು ರೇವಮ್ಮನ್ನ ಕೇಳಿದ್ಯೇನಲೇ?”

ಕೊಟ್ರೇಶನ ಮುಖ ಸಪ್ಪಗಾಯಿತು. ಆದರೂ ಹಟ ಬಿಡಲೊಲ್ಲ.

“ಹಂಗಾದ್ರೆ ನಾನು ದೊಡ್ಡ ಇಂಜಿನ್ ಕಟ್ಟೋದೇ ಬ್ಯಾಡೇನು?”

ಉಸ್ತಾದರು ಗ್ರೈಂಡರನ್ನು ಅವನ ಕೈಗೇ ತುರುಕಿದರು.

“ಕಟ್ಟಲೇ. ಎಷ್ಟು ದೊಡ್ಡದು ಬೇಕೋ ಅಷ್ಟು ದೊಡ್ಡದು ಕಟ್ಟು. ನಡುದಾರೀಲಿ ಅದು ನಿಂತಾಗ ಇಳಿದು ತಳ್ಳೋನು ನೀನಾಗಿರಬೇಕು, ಬಸುರಿ ಹೆಣ್ಮಗಳಲ್ಲ.”