ಸಾಹೇಬರು ಕೂಡುವ ಜಾಗ

ಧಾರವಾಡದ ಇನಾಮದಾರ ಸಾಹೇಬರು ಬೇಸಿಗೆ ರಜೆಯ ಪ್ರವಾಸಕ್ಕೂ ವೇಳಾಪಟ್ಟಿ ಟೈಪು ಮಾಡಿಸುವವರು. ಆರಕ್ಕೆ ಹೊರಟರೆ ಹತ್ತಕ್ಕೆ ಕಾರವಾರದ ಸಮುದ್ರ. "ನಡುವ ಎಲ್ಲೂ ಗಾಡಿ ನಿಲ್ಲಂಗಿಲ್ಲ!" ಎಂದು ಡ್ರೈವರ್ ಫಕೀರಪ್ಪನಿಗೆ ಹುಕುಂ ಕೊಟ್ಟರು.

ಹೆಂಡತಿ ಇಂದೂಬಾಯಿಯ ಮುಖ ಸಣ್ಣದಾಯಿತು. ಹೋದ ವರ್ಷವೂ ಹೀಗೇ ಎಲ್ಲೂ ನಿಲ್ಲಿಸದೆ, ಹಿಂದಿನ ಸೀಟಿನಲ್ಲಿ ಎರಡು ಪುಟ್ಟ ಮಕ್ಕಳನ್ನು ಹಿಡಿದು ಕೂತಿದ್ದ ಆಕೆ, ಸಮುದ್ರ ನೋಡುವ ಬದಲು ದಿನವಿಡೀ ಅವರು ಕೆಡಿಸಿದ ಬಟ್ಟೆ ಒಗೆದಿದ್ದಳು.

ಫಕೀರಪ್ಪ ಹಿಂದಿನ ಬಾಗಿಲು ತೆರೆದು ಕೈಕಟ್ಟಿ ನಿಂತ. "ಸಾಹೇಬ್ರ, ತಾವು ಇಲ್ಲಿ ಕೂಡಬೇಕ್ರಿ. ಡ್ರೈವರ್ ಬಾಜೂಕ ಕೂಡಾಂವ ಜವಾನ. ದೊಡ್ಡ ಸಾಹೇಬ್ರು ಯಾರರೆ ಮುಂದ ಕೂತದ್ದು ನೋಡೀರೇನ್ರಿ?"

ಸಾಹೇಬರಿಗೆ ಮಾತು ಹಿಡಿಸಿತು. ಮಕ್ಕಳ ನಡುವೆ ಗತ್ತಿನಿಂದ ಕೂತರು. ಇಂದೂಬಾಯಿ ಮುಂದೆ ಕೂತಳು.

ಯಲ್ಲಾಪುರ ದಾಟಿ ಘಟ್ಟದ ತಿರುವುಗಳು ಶುರುವಾದವು. ಮಗಳು ಹೊಟ್ಟೆ ಹಿಡಿದುಕೊಂಡಳು. ಮಗ ತೊಡೆ ಏರಿ, "ಅಪ್ಪಾ, ಸೂಸು" ಎಂದ.

"ಗಾಡಿ ನಿಲ್ಲಿಸೋ!"

"ಪಟ್ಟಿಯೊಳಗ ಇಲ್ರಿ, ಸಾಹೇಬ್ರ."

"ಪಟ್ಟಿ ಹಾಳಾಗ್ಲಿ, ನಿಲ್ಲಿಸೋ ಮಾರಾಯಾ!"

ಗಾಡಿ ನಿಂತಿತು. ಸಾಹೇಬರ ತೊಡೆ ಆಗಲೇ ಬೆಚ್ಚಗಾಗಿತ್ತು. ಪ್ಯಾಂಟು ಹಿಂಡಿಕೊಳ್ಳುತ್ತ, "ಇನ್ನ ಮಕ್ಕಳು ಕೇಳಿದಲ್ಲೆಲ್ಲ ನಿಲ್ಲಿಸು" ಎಂದವರು ಮೆಲ್ಲಗೆ ಮುಂದಿನ ಬಾಗಿಲಿಗೆ ಕೈ ಹಾಕಿದರು.

ಇಂದೂಬಾಯಿ ಒಳಗಿನಿಂದ ಬಾಗಿಲು ಭದ್ರ ಮಾಡಿದಳು. "ಅಯ್ಯ, ಇದು ಜವಾನನ ಜಾಗ ಅಲ್ಲೇನ್ರಿ?"